ಪ್ರವೇಶ ಉಚಿತ

ಶವಸಂಸ್ಕಾರದ ಮಾರನೆಯ ಬೆಳಿಗ್ಗೆ ಕಸ ಹಾಕಲು ಕೆಳಗಿಳಿದೆ. ಎದುರು ಗೋಡೆಯ ಮೇಲೆ ಕ್ವಾಬೆನಾ ನಗುತ್ತಿದ್ದ.

ಹೊಸ ಪೋಸ್ಟರು. ಅಂಟು ಇನ್ನೂ ಒಣಗಿರಲಿಲ್ಲ. ಫೋಟೊ ಮಾತ್ರ ಹೋದ ವರ್ಷದ್ದು. ಬರಿಮೈ, ಮೇಲೆತ್ತಿದ ಕೈ, ಬಾಯಿ ತುಂಬ ಹಲ್ಲು. ಅಂಗಿ ತೆಗೆದು ಕುಣಿ ಎಂದು ಸಂಸ್ಕೃತಿ ಪ್ರತಿಷ್ಠಾನದವರು ಹೇಳಿದ್ದರು. ಅಕ್ಟೋಬರಿನ ಚಳಿ. ಇವನು ತೆಗೆದಿದ್ದ. ಮೇಲೆ ದೊಡ್ಡ ಕೊರಿಯನ್ ಅಕ್ಷರಗಳಲ್ಲಿ, 'ಆಫ್ರಿಕಾ ಬರುತ್ತಿದೆ: ವೈವಿಧ್ಯದ ಹಬ್ಬ.' ಕೆಳಗೆ, 'ಪ್ರವೇಶ ಉಚಿತ.' ಅದಕ್ಕೂ ಕೆಳಗೆ ಪ್ರಾಯೋಜಕರ ಹೆಸರು. ಅವನು ಸತ್ತ ಕಾರ್ಖಾನೆಯ ಹೆಸರು.

ನಮ್ಮ ಮನೆಯೊಡತಿ ಅಜ್ಜಿ ಪೊರಕೆ ಹಿಡಿದು ನಿಂತಿದ್ದಳು.

"ನಿನ್ನ ಗಂಡ ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂದಿದಾನೆ ನೋಡು."

"ಹ್ಞೂಂ ಅಜ್ಜಿ."

"ಆ ಚೀಲ ವಾಪಸ್ ತಗೊಂಡು ಹೋಗು. ಊಟದ ಕಸ ಇವತ್ತು ತಗೊಳಲ್ಲ. ನಾಳೆ."

ಚೀಲ ಹಿಡಿದುಕೊಂಡು ಮೇಲೆ ಬಂದೆ.

ಅವನು ಸತ್ತದ್ದು ಹೀಗೆ. ಆ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ. ಬಣ್ಣದ ಕೊಳೆನೀರು ಹಿತ್ತಲಲ್ಲಿ ನೆಲದೊಳಗಿನ ತೊಟ್ಟಿಗೆ ಹೋಗುತ್ತದೆ. ತಳದಲ್ಲಿ ಕೆಸರು ಕೂರುತ್ತದೆ. ಆಗಾಗ ಯಾರಾದರೂ ಏಣಿ ಇಳಿದು, ಮೊಣಕಾಲು ಮಟ್ಟದ ಕೆಸರಲ್ಲಿ ನಿಂತು, ಸಲಿಕೆಯಿಂದ ಬಕೆಟ್ಟಿಗೆ ತುಂಬಬೇಕು. ಈ ಊರಿನವರು ಇಳಿಯುವುದಿಲ್ಲ. ನೆಪಾಳದವರು ಇಳಿಯುತ್ತಾರೆ, ಉಜ್ಬೆಕರು ಇಳಿಯುತ್ತಾರೆ, ಘಾನಾದವರು ಇಳಿಯುತ್ತಾರೆ. ಇದೂ ವೈವಿಧ್ಯವೇ. ಒಳಗೆ ಕೊಳೆತ ಮೊಟ್ಟೆಯ ವಾಸನೆ. ವಾಸನೆ ನಿಂತಿತೆಂದರೆ ಗಾಳಿ ಶುದ್ಧವಾಯಿತು ಎಂದಲ್ಲ. ಮೂಗು ಸತ್ತಿತು ಎಂದು. ಮೂಗಿನ ಹಿಂದೆ ಮನುಷ್ಯ.

ಅದೇ ಕಾರ್ಖಾನೆಯ ಟೇಕ್ ಬಹಾದುರ್ ಮೊದಲು ಹಡಗು ಕಟ್ಟುವಲ್ಲಿ ದುಡಿದವನು. ಅಲ್ಲಿಂದ ಬರುವಾಗ ಒಂದು ಮಾಸ್ಕ್ ತಂದಿದ್ದ. ಇಡೀ ಮುಖ ಮುಚ್ಚುವಂಥದ್ದು. ಅದಕ್ಕೊಂದು ಉದ್ದನೆಯ ಕೊಳವೆ. ಕೊಳವೆಯ ಇನ್ನೊಂದು ತುದಿ ಹೊರಗಿರಬೇಕು, ಅಲ್ಲಿ ಗಾಳಿ ಊದುವ ಪಂಪು ಇರಬೇಕು. ಪಂಪಿಲ್ಲದಿದ್ದರೆ ಅದು ಬರೀ ರಬ್ಬರು. ಕ್ವಾಬೆನಾ ಅದನ್ನು ಟೇಕ್‌ನಿಂದ ಕೇಳಿ ತೆಗೆದುಕೊಂಡ. ತೊಡಲು ಅಲ್ಲ, ತೋರಿಸಲು. ಫೋರ್‌ಮನ್‌ನ ಮೇಜಿನ ಮೇಲಿಟ್ಟು, ಇದಕ್ಕೊಂದು ಪಂಪು ತರಿಸಿ, ಆಮೇಲೆ ಇಳಿಯುತ್ತೇವೆ ಎಂದ. ಫೋರ್‌ಮನ್ ಮಾಸ್ಕನ್ನು ಕಪಾಟಿನ ಮೇಲಿಟ್ಟು ನೋಡೋಣ ಎಂದ. ಮಧ್ಯಾಹ್ನ ಇಳಿಸಿದ. ಟೇಕ್ ಅಲ್ಲೇ ನಿಂತು ಇದನ್ನೆಲ್ಲ ನೋಡಿದವನು.

ಕಾರ್ಖಾನೆಯ ಯಜಮಾನ ತಾಕ್ ಪೊಲೀಸರಿಗೆ ಬೇರೆಯೇ ಕಥೆ ಹೇಳಿದ. ಫೋನು ತೊಟ್ಟಿಗೆ ಬಿತ್ತಂತೆ. ಯಾರಿಗೂ ಹೇಳದೆ ಅದನ್ನು ತೆಗೆಯಲು ತಾನೇ ಇಳಿದನಂತೆ. ಅವನ ಫೋನು ಅಂದು ಮನೆಯಲ್ಲಿ ಚಾರ್ಜಿಗಿತ್ತು. ನಾನು ಠಾಣೆಯಲ್ಲಿ ಹೇಳಿದೆ. ಪೊಲೀಸನು ತಲೆಯಾಡಿಸಿದ. ಇಲ್ಲಿಯವರು ಬಹಳ ಚೆನ್ನಾಗಿ ತಲೆಯಾಡಿಸುತ್ತಾರೆ.

ಕಾರ್ಖಾನೆಯಿಂದ ಅವನ ಸಾಮಾನು ರಟ್ಟಿನ ಡಬ್ಬಿಯಲ್ಲಿ ಬಂತು. ಟವೆಲು, ಚಪ್ಪಲಿ, ಅರ್ಧ ಬಾಟಲಿ ಖಾರದ ಚಟ್ನಿ, ಮತ್ತು ಆ ಮಾಸ್ಕು. ಅದು ಅವನದೇ ಎಂದುಕೊಂಡಿದ್ದರು.

ಸಂಸ್ಕಾರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಡೆಯಿತು. ಪಕ್ಕದ ಕೋಣೆಯವರಿಗೆ ತೊಂದರೆಯೆಂದು ಹಾಡಲು ಬಿಡಲಿಲ್ಲ. ಘಾನಾದ ನಮ್ಮ ಅಕಾನ್ ಜನರಲ್ಲಿ ಸತ್ತವನು ಹೇಗೆ ಸತ್ತನೆಂದು ಕೂತವರ ಎದುರು ಯಾರಾದರೂ ಹೇಳಬೇಕು. ಕೊನೆಯಲ್ಲಿ ಅವನು ಯಾರ ಕೈಯಲ್ಲಿದ್ದನೋ ಅವರು ಹೇಳಬೇಕು. ಅಲ್ಲಿಯವರೆಗೆ ಸಂಸ್ಕಾರ ಮುಗಿದಂತಲ್ಲ. ಫೋರ್‌ಮನ್ ಬರಲಿಲ್ಲ. ಯಜಮಾನ ಹೂವು ಕಳಿಸಿದ್ದ. ಅದಕ್ಕೆ ಬಾಯಿಲ್ಲ.

ನಾನು ನಮ್ಮೂರಲ್ಲೂ ಇಲ್ಲಿ ಸಿಯೋಲ್‌ನಲ್ಲೂ ಸಮಾಜಶಾಸ್ತ್ರ ಓದಿದವಳು. ಈಗ ಹೋಟೆಲುಗಳಿಗೆ ಈರುಳ್ಳಿ ಸುಲಿದು ಕಳಿಸುವ ಶೆಡ್ಡಿನಲ್ಲಿ ಕೆಲಸ. ಪ್ರತಿಷ್ಠಾನಕ್ಕೆ ಬಿಟ್ಟಿಯಾಗಿ ಭಾಷಾಂತರ ಮಾಡಿಕೊಡುತ್ತೇನೆ. ಅಂದು ಶೆಡ್ಡಿಗೆ ಹೋದೆ. ಅಲ್ಲಿ ಎಲ್ಲರ ಕಣ್ಣಲ್ಲೂ ನೀರು. ನನ್ನ ಕಣ್ಣಲ್ಲಿದ್ದದ್ದೂ ಈರುಳ್ಳಿಯದೇ.

*

ಸಂಜೆ ಪ್ರತಿಷ್ಠಾನದ ನಮ್‌ಗುಂಗ್ ಮೇಡಂ ಹಣ್ಣಿನ ಡಬ್ಬಿ ಹಿಡಿದು ಮನೆಗೆ ಬಂದಳು. ಜಡೆ ಹೆಣೆಯುವ ಅಂಗಡಿಯ ಮಾನ್ಸಾ ಅಕ್ಕ ನನಗೆ ನಮ್ಮೂರಿನ ಮರಗೆಣಸಿನ ಮುದ್ದೆ, ಫುಫು, ತಂದು ಕೂತಿದ್ದಳು. ಪ್ಲೈವುಡ್ ಕಾರ್ಖಾನೆಯ ಬ್ರೆಂಪೊಂಗ್ ಮಾವನೂ ಇದ್ದ. ನಮ್ಮವರ ಮದುವೆ, ಜಗಳ, ಸಾವುಗಳಲ್ಲಿ ಕೋಲು ಹಿಡಿದು ಮಾತಾಡುವವನು ಅವನೇ.

"ಸೆರ್ವಾ ಅವರೇ, ಏನು ಹೇಳೋದು ಅಂತಾನೇ ತೋಚ್ತಿಲ್ಲ," ಎಂದಳು ನಮ್‌ಗುಂಗ್. ಆಮೇಲೆ ತುಂಬ ಹೇಳಿದಳು.

"ಪೋಸ್ಟರಲ್ಲಿ ಅವನ ಮುಖ ಇದೆ," ಎಂದೆ.

"ಹೌದು. ಮೊದಲೇ ಪ್ರಿಂಟಾಗಿಬಿಟ್ಟಿತ್ತು. ಒಂಥರಾ ಶ್ರದ್ಧಾಂಜಲಿ ಅಂತ ತಿಳ್ಕೊಳ್ಳಿ."

"ಮೈಮೇಲೆ ಅಂಗಿ ಇಲ್ಲ."

"ಅದಕ್ಕೇ ಅಷ್ಟು ಸಹಜವಾಗಿದೆ."

ಮಾನ್ಸಾ ಅಕ್ಕ ನಮ್ಮ ಭಾಷೆಯಲ್ಲಿ, "ಇವಳ ಗಂಡನ್ನೂ ಬಿಚ್ಚಿಸಿ ಗೋಡೆಗೆ ಅಂಟಿಸೋಣ, ಸಹಜವಾಗಿರ್ತಾನೆ," ಎಂದಳು. ಏನಂದರು ಎಂದು ನಮ್‌ಗುಂಗ್ ಕೇಳಿದಳು. ಹಣ್ಣು ಚೆನ್ನಾಗಿದೆಯಂತೆ ಎಂದೆ.

ಅವಳಿಗೆ ಬೇಕಾಗಿದ್ದದ್ದು ಇಷ್ಟು. ಶನಿವಾರದ ಹಬ್ಬದಲ್ಲಿ 'ಆಫ್ರಿಕಾದ ಸ್ವಾಗತ' ಎಂದು ಅರ್ಧ ಗಂಟೆ ಇದೆ. ಪ್ರತಿ ವರ್ಷ ಕ್ವಾಬೆನಾನೇ ಅದನ್ನು ನಡೆಸುತ್ತಿದ್ದ. ಈಗ ನಾವೆಲ್ಲ ಸೇರಿ ಏನಾದರೂ ಖುಷಿಯಾಗಿರುವಂಥದ್ದು ಮಾಡಬೇಕು. ನಾನು ಕುಣಿಯಬೇಕಾಗಿಲ್ಲ ಪಾಪ, ಭಾಷಾಂತರ ಮಾಡಿದರೆ ಸಾಕು.

ಆಮೇಲೆ ಚೀಲದಿಂದ ಒಂದು ಬಟ್ಟೆ ತೆಗೆದು ನಮ್ಮ ಮುಂದೆ ಹರಡಿದಳು.

"ನೋಡಿ. ಈ ಸಲ ನಿಜವಾದ ಘಾನಾ ಬಟ್ಟೆ. ನಾನೇ ಆನ್‌ಲೈನಲ್ಲಿ ಹುಡುಕಿ ಥಾನುಗಟ್ಟಲೆ ತರಿಸಿದೆ. ವೇದಿಕೆಗೆಲ್ಲ ಇದೇ ಕಟ್ಟೋದು. ಗಣ್ಯರಿಗೆ ಹೊದಿಸೋದೂ ಇದೇ. ಕೆಂಪು, ಕಪ್ಪು. ಎಷ್ಟು ಜೀವಂತವಾಗಿದೆ ಅಲ್ವಾ?"

ಅದು ನಮ್ಮ ಸಾವಿನ ಬಟ್ಟೆ. ನಮ್ಮೂರಲ್ಲಿ ಚಿಕ್ಕ ಮಗುವಿಗೂ ಗೊತ್ತು. ಅದನ್ನು ಉಟ್ಟು ಬೀದಿಯಲ್ಲಿ ಹೋದರೆ, ಯಾರು ಹೋದರು ಎಂದು ಕೇಳುತ್ತಾರೆ.

ಮಾನ್ಸಾ ಅಕ್ಕನ ಕೈಯಲ್ಲಿದ್ದ ಫುಫು ತಟ್ಟೆಗೆ ಬಿತ್ತು. ಬ್ರೆಂಪೊಂಗ್ ಮಾವ ಬಟ್ಟೆಯ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿದ. ಅವನ ಕೊರಿಯನ್ ಒರಟು, ಆದರೆ ಸ್ಪಷ್ಟ.

"ಗಣ್ಯರು ಅಂದ್ರೆ ಯಾರ್ಯಾರು?"

"ನಗರಸಭೆಯಿಂದ ಒಬ್ರು. ಮತ್ತೆ ನಮ್ಮ ದೊಡ್ಡ ದಾನಿಗಳು, ತಾಕ್ ಯಜಮಾನ್ರು."

"ಅವರೂ ಇದನ್ನೇ ಹೊದೀತಾರಾ?"

"ಖಂಡಿತ. ಅವರಿಗೆ ಆಫ್ರಿಕಾ ಅಂದ್ರೆ ಬಹಳ ಪ್ರೀತಿ."

"ಹೊದೀಲಿ. ಒಪ್ಪುತ್ತೆ ಅವರಿಗೆ."

ಅವಳು ಸಂತೋಷದಿಂದ ಹೋದಳು. ಬಾಗಿಲು ಮುಚ್ಚಿದ ಮೇಲೆ ಮಾನ್ಸಾ ಅಕ್ಕ ಬಾಯಿಬಿಟ್ಟಳು.

"ಹೆಣದ ಬಟ್ಟೇಲಿ ಚಪ್ಪರ ಹಾಕ್ತಾವಲ್ಲ ಮುಂಡೇವು. ಹೇಳೋದಲ್ವೇನೇ?"

"ಯಾಕೆ ಹೇಳ್ಬೇಕು?" ಎಂದ ಮಾವ. "ಕೂರಕ್ಕೆ ಜಾಗ ಕೊಟ್ಟಿದಾರೆ. ಮೈಕ್ ಕೊಟ್ಟಿದಾರೆ. ಬಟ್ಟೇನೂ ಅವರೇ ತಂದಿದಾರೆ. ಆ ನೆಲಮಾಳಿಗೇಲಿ ಅರ್ಧಕ್ಕೆ ನಿಂತಿದ್ದನ್ನ ಅಲ್ಲಿ ಮುಗಿಸೋಣ."

"ಆಮೇಲೆ ವೀಸಾಕ್ಕೆ ಕಲ್ಲು ಹಾಕ್ತಾರೆ ಮಾವ."

"ನಂದು ಹೇಗಿದ್ರೂ ಮುಗೀತಾ ಬಂತು. ನೀನು ಬೇಕಾದ್ರೆ ಅಂಗಡೀಲೇ ಇರು."

"ಇರ್ತೀನಿ, ಇರ್ತೀನಿ. ನೀನು ರಾಗ ತಪ್ಪಿ ಹಾಡೋದನ್ನ ದೂರದಿಂದ ಕೇಳ್ಕೊಂಡು." ಅವಳು ಕೈ ತೊಳೆದು ಬಂದಳು. "ಕಪ್ಪು ತಲೆವಸ್ತ್ರ ಎಲ್ಲಿಟ್ಟಿದೀನೋ ಹುಡುಕ್ಬೇಕು."

ಇಬ್ಬರೂ ನನ್ನ ಕಡೆ ನೋಡಿದರು.

"ತಾಕ್ ಬಾಯಿಬಿಟ್ಟು ಹೇಳ್ಬೇಕು," ಎಂದೆ. "ಅವನು ಹೇಗೆ ಸತ್ತ ಅಂತ. ಎಲ್ಲರ ಎದುರಿಗೆ. ನನಗೆ ಬೇರೇನೂ ಬೇಡ."

ಶುಕ್ರವಾರ ಟೇಕ್ ಫೋನು ಮಾಡಿದ. ತೊಟ್ಟಿಯಲ್ಲಿ ಕೆಸರು ಅರ್ಧ ಉಳಿದಿದೆ. "ಸೋಮವಾರ ನಾನಂತೆ ಅಕ್ಕಾ," ಎಂದ. ಪಂಪು ಬಂತಾ ಎಂದು ಕೇಳಿದೆ. ನಕ್ಕ.

*

ಹಬ್ಬ ನದಿಯ ಪಕ್ಕದ ಮೈದಾನದಲ್ಲಿ. ಗೇಟಿಗೆ ಪ್ಲಾಸ್ಟಿಕ್ಕಿನ ತಾಳೆಮರ. ಮಕ್ಕಳ ಕೆನ್ನೆಗೆ ಹುಲಿಪಟ್ಟೆ ಬರೆಯುತ್ತಿದ್ದರು. ಆಫ್ರಿಕಾದ ಕಾಡುಗಳಲ್ಲಿ ಹುಲಿ ಇಲ್ಲ. ಕಾಗದದ ಮುಖವಾಡಕ್ಕೆ ಬಣ್ಣ ಹಚ್ಚುವ ಮೇಜಿನ ಮುಂದೆ ಉದ್ದನೆಯ ಸಾಲು. ಇನ್ನೊಂದು ಕಡೆ ಒಂದು ಚಕ್ರ. ತಿರುಗಿಸಿದರೆ ನಿಮ್ಮ ಬುಡಕಟ್ಟು ಯಾವುದೆಂದು ಬರುತ್ತದೆ. ಒಬ್ಬ ಬ್ಯಾಂಕಿನವನಿಗೆ ಜುಲು ಬಂತು. ಈಟಿ ಹಿಡಿದು ಹೆಂಡತಿಯ ಮುಂದೆ ಹಾರಿದ. ಈಟಿಯೂ ಉಚಿತ. ಊಟದ ಗುಡಾರದಲ್ಲಿ ಕಡ್ಡಿಗೆ ಚುಚ್ಚಿದ ಕೋಳಿ. ಅದಕ್ಕೆ ಸವಾನಾ ಎಂದು ಹೆಸರು.

ವೇದಿಕೆಯ ಸುತ್ತ ಕೆಂಪು ಮತ್ತು ಕಪ್ಪು. ಕಂಬಕ್ಕೆ, ಮೆಟ್ಟಿಲಿಗೆ, ಧ್ವನಿಪೆಟ್ಟಿಗೆಗೆ. ಗೇಟಿನ ಬಳಿ ನಮ್ಮವರು ಒಬ್ಬೊಬ್ಬರಾಗಿ ಬಂದು ನಿಂತರು. ವೇದಿಕೆ ನೋಡಿದರು. ಒಬ್ಬಳು ನಕ್ಕಳು. ನಗು ನಡುವೆಯೇ ನಿಂತುಹೋಯಿತು.

ಬರಲಾರೆವೆಂದು ಹೇಳಿ ಕಳಿಸಿದವರೂ ಇದ್ದರು. ಬಂದವರು ಕಪ್ಪು ಉಟ್ಟಿದ್ದರು. ವೇದಿಕೆಯ ಮೇಲೆ ಎರಡು ಸಾಲಾಗಿ ಕುರ್ಚಿ ಹಾಕಿ ಎದುರುಬದುರು ಕೂತರು. ಸಾವಿನ ಮನೆಯಲ್ಲಿ ಕೂರುವ ಹಾಗೆ. ಮುಖಗಳು ಬಿಗಿದಿದ್ದವು. ನಮ್‌ಗುಂಗ್ ಪಿಸುಗುಟ್ಟಿದಳು, "ಎಷ್ಟು ಗಂಭೀರ. ಇದುವರೆಗೆ ನೀವು ಇಷ್ಟು ಅಪ್ಪಟವಾದದ್ದನ್ನ ತೋರಿಸೇ ಇರಲಿಲ್ಲ."

ತಾಕ್ ಬಂದ. ಸೂಟು, ಟೈ, ಅದರ ಮೇಲೆ ಸಾವಿನ ಬಟ್ಟೆ. ನಮ್ಮಲ್ಲಿ ಗಂಡಸರು ಎಡಭುಜದ ಮೇಲೆ ಹೊದೆಯುತ್ತಾರೆ. ಇವನಿಗೆ ಬಲಕ್ಕೆ ಹೊದಿಸಿದ್ದರು. ಬಂದವನು ಬಲಗಡೆಯಿಂದ ಶುರುಮಾಡಿ ಕೂತವರ ಕೈ ಮುಟ್ಟುತ್ತ ಬರಬೇಕು. ಇವನು ನೇರ ಕ್ಯಾಮೆರಾ ಇದ್ದ ಕಡೆಯ ಕುರ್ಚಿಗೆ ಹೋಗಿ ಕೂತ.

ಬ್ರೆಂಪೊಂಗ್ ಮಾವ ಎದ್ದ. ತಾನೇ ಕೆತ್ತಿದ ಕೋಲು ಹಿಡಿದಿದ್ದ. ಬಟ್ಟಲಿನಿಂದ ಸೋಜು ಮದ್ಯ ನೆಲಕ್ಕೆ ಸುರಿಯುತ್ತ ಹಿರಿಯರನ್ನು ಕರೆದ, ಕೊನೆಗೆ ಕ್ವಾಬೆನಾನನ್ನು ಕರೆದ. ಹೆಂಗಸರು ಹಾಡು ಎತ್ತಿಕೊಂಡರು. 'ದಮಿರಿಫಾ ದುಏ, ದುಏ.' ಸತ್ತವನಿಗೆ ನಾವು ಹೇಳುವ ಕೊನೆಯ ಮಾತು. ಮಾನ್ಸಾ ಅಕ್ಕ ಎರಡೂ ಕೈ ತಲೆಯ ಮೇಲಿಟ್ಟು ಎದ್ದಳು. ಮೆಲ್ಲಗೆ ಹೆಜ್ಜೆ ಹಾಕಿದಳು. ಬೆನ್ನು ಬಗ್ಗಿತ್ತು.

ಜನ ಚಪ್ಪಾಳೆ ತಟ್ಟಿದರು. ತಾಳಕ್ಕೆ ಸರಿಯಾಗಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಟ್ಟಿದರು. ತಾಕ್ ತಟ್ಟಿದ. ತಲೆಯನ್ನೂ ಆಡಿಸಿದ. ನನ್ನ ಗಂಡನ ಸಾವಿಗೆ ಇಡೀ ಊರು ಚಪ್ಪಾಳೆ ತಟ್ಟಿತು.

ಮುಂದಿನ ಸಾಲಿನಲ್ಲಿ ನಮ್ಮ ಮನೆಯೊಡತಿ ಅಜ್ಜಿಯೂ ತಟ್ಟುತ್ತಿದ್ದಳು. ಮಾನ್ಸಾ ಅಕ್ಕನ ಕೈ ತಲೆಯ ಮೇಲೆ ಹೋದದ್ದು ನೋಡಿ ಅವಳ ಕೈ ನಿಂತಿತು. ಪಕ್ಕದವಳ ಕೈಯನ್ನೂ ಹಿಡಿದು ನಿಲ್ಲಿಸಿದಳು.

"ತಟ್ಟಬೇಡ. ಇದು ಹಬ್ಬ ಅಲ್ಲ. ಹೆಣ ಇದೆ ಇಲ್ಲಿ."

ಇಡೀ ಮೈದಾನದಲ್ಲಿ ಅದು ತಿಳಿದದ್ದು ಅವಳೊಬ್ಬಳಿಗೆ. ಆಮೇಲೆ ತನ್ನ ಊರಿನ ರೀತಿಯಲ್ಲಿ ತೊಡೆ ಬಡಿದುಕೊಂಡು, 'ಐಗೊ, ಐಗೊ' ಎಂದು ಗೋಳಿಟ್ಟಳು.

ಹಾಡು ನಿಂತಿತು. ಮಾನ್ಸಾ ಅಕ್ಕ ತಾಕ್‌ಗೆ ನೀರು ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಮಾವ ಕೋಲೂರಿ ನಮ್ಮ ಭಾಷೆಯಲ್ಲಿ ಮಾತಾಡಿದ. ನಾನು ಮೈಕಿನಲ್ಲಿ ಕೊರಿಯನ್‌ಗೆ ತಂದೆ.

"ಯಜಮಾನ್ರೇ, ನೀರು ಕುಡಿದ್ರಿ. ನೀರು ಕುಡಿದ ಮೇಲೆ ಬಂದವರು ಬಂದ ವಿಷಯ ಹೇಳ್ಬೇಕು. ಏನು ವಿಷಯ?"

ತಾಕ್ ಎದ್ದುನಿಂತ. "ಆಫ್ರಿಕಾದ ಬಂಧುಗಳೇ. ಈ ಊರಿನ ವೈವಿಧ್ಯಕ್ಕೆ ನನ್ನ ಕೈಲಾದ ಸೇವೆ ಮಾಡ್ತಾ ಬಂದಿದೀನಿ. ಮೊನ್ನೆ ಅಗಲಿದ ಕ್ವಾಬೆನಾ ನನಗೆ ಮಗ ಇದ್ದ ಹಾಗೆ."

ಚಪ್ಪಾಳೆ.

"ಒಳ್ಳೇದು," ಎಂದ ಮಾವ. "ಮಗ ಅಂದ್ರಿ. ನೀವು ಹೊದ್ದಿರೋದು ಸಾವಿನ ಮನೆ ಬಟ್ಟೆ. ಇಲ್ಲಿ ಕಟ್ಟಿರೋದೆಲ್ಲ ಅದೇ. ಇದನ್ನ ಹೊದ್ದು, ಸತ್ತವನನ್ನ ಮಗ ಅಂದವರು, ಅವನು ಹೇಗೆ ಸತ್ತ ಅಂತ ಹೇಳ್ಬೇಕು. ಹೇಳಿ, ಕೇಳ್ತೀವಿ."

ನಾನು ಒಂದು ಪದ ಬಿಡಲಿಲ್ಲ. ಒಂದು ಪದ ಸೇರಿಸಲಿಲ್ಲ. ದೊಡ್ಡವರಿಗೆ ಕೊಡಬೇಕಾದ ಎಲ್ಲ ಮರ್ಯಾದೆಯನ್ನೂ ಕ್ರಿಯಾಪದಗಳಿಗೆ ಹಚ್ಚಿದೆ. ತಾಕ್ ತನ್ನ ಭುಜದ ಮೇಲಿನ ಬಟ್ಟೆ ನೋಡಿಕೊಂಡ.

"ಅದು ಆಕಸ್ಮಿಕ. ಫೋನು ಬಿದ್ದಿತ್ತು. ಯಾರಿಗೂ ಹೇಳದೆ ತಾನೇ ಇಳಿದ. ಬೇಡ ಅಂತ ಎಷ್ಟು ಸಲ ಹೇಳಿದ್ರೂ ಈ ಜನ..." ಅಲ್ಲಿಗೆ ನಿಲ್ಲಿಸಿದ.

ಅದನ್ನೂ ನಮ್ಮವರಿಗೆ ಭಾಷಾಂತರ ಮಾಡಿದೆ. ಈ ಜನ ಎಂಬುದನ್ನೂ. ಅಲ್ಲಿಗೆ ನನ್ನ ಬಿಟ್ಟಿ ಕೆಲಸ ಮುಗಿಯಿತು. ಚೀಲ ತೆರೆದೆ.

"ಇದು ಅವನ ಫೋನು. ಅವತ್ತು ಮನೇಲಿತ್ತು. ನೆನೆದಿಲ್ಲ. ಬೇಕಾದ್ರೆ ಈಗಲೇ ಕರೆ ಮಾಡಿ, ರಿಂಗಾಗುತ್ತೆ." ಫೋನನ್ನು ಅವನ ಕುರ್ಚಿಯ ಮೇಲಿಟ್ಟೆ. "ಇದು ಮಾಸ್ಕು. ಪಂಪು ಕೊಡಿ ಅಂತ ಕೇಳೋಕೆ ಇದನ್ನ ತಂದಿದ್ದ. ನಿಮ್ಮ ಕಚೇರಿಯಿಂದ ನನ್ನ ಮನೆಗೆ ಬಂತು. ಕೆಸರಿನ ಒಂದು ಹನೀನೂ ಇಲ್ಲ ನೋಡಿ. ಅವನು ಇಳಿಯೋವಾಗ ಇದು ಎಲ್ಲಿತ್ತು?"

ಅವನು ನಮ್‌ಗುಂಗ್ ಕಡೆ ನೋಡಿದ. ಅವಳು ಗಂಟಲಿನ ಮೇಲೆ ಬೆರಳೆಳೆದು ಧ್ವನಿ ನೋಡಿಕೊಳ್ಳುವವನಿಗೆ ಸನ್ನೆ ಮಾಡಿದಳು. ಮೈಕು ಸತ್ತಿತು. ಒಡನೆ ಪಾಪ್ ಹಾಡು ಸಿಡಿಯಿತು.

ತಾಕ್ ನಗುತ್ತ ನನ್ನ ಕಡೆ ಕೈ ಚಾಚಿದ. ಕ್ಯಾಮೆರಾಗಳು ಅಲ್ಲೇ ಇದ್ದವು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ. ಅವನ ಕೈ ಗಾಳಿಯಲ್ಲಿ ಉಳಿಯಿತು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಉಳಿಯಲಿ ಎಂದು ನೋಡುತ್ತ ನಿಂತೆ.

ಆ ಕೈಯಲ್ಲೇ ಬಟ್ಟೆ ಎಳೆದುಕೊಂಡು ಇಳಿದ. ಅದರ ಅಂಚು ಕುರ್ಚಿಯ ಕಾಲಿಗೆ ಸಿಕ್ಕಿತ್ತು. ಕುರ್ಚಿಯೂ ಮೆಟ್ಟಿಲವರೆಗೆ ಅವನ ಹಿಂದೆ ಹೋಯಿತು.

ಪಾಪ್ ಹಾಡಿನ ಕೆಳಗೆ ನಮ್ಮವರು ಮತ್ತೆ ಶುರುಮಾಡಿದರು. ಯಾರಿಗೂ ಕೇಳಿಸಲಿಲ್ಲ. ತುಟಿಗಳು ಮಾತ್ರ ಆಡುತ್ತಿದ್ದವು.

ವೇದಿಕೆಯ ಹಿಂದೆ ನಮ್‌ಗುಂಗ್ ನನ್ನನ್ನು ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮನ್ನ ನಂಬಿದ್ದೆ. ಹಬ್ಬ ಹಾಳುಮಾಡಿದ್ರಿ. ನಮಗೆ ಮೋಸ ಮಾಡಿದ್ರಿ."

"ಬಟ್ಟೆ ತಂದಿದ್ದು ನೀವು ಮೇಡಂ. ನಾವು ಕೂತ್ವಿ ಅಷ್ಟೇ."

ಭಾನುವಾರ ಸ್ಥಳೀಯ ಪತ್ರಿಕೆಯಲ್ಲಿ ಫೋಟೊ ಬಂತು. ತಲೆಯ ಮೇಲೆ ಕೈಯಿಟ್ಟ ಮಾನ್ಸಾ ಅಕ್ಕ. ಕೆಳಗೆ, 'ಆಫ್ರಿಕಾದ ಉಲ್ಲಾಸಕ್ಕೆ ಮನಸೋತ ಜನತೆ.'

"ಉಲ್ಲಾಸ ಅಂತೆ," ಎಂದಳು ಅವಳು. "ಅಂಗಡಿಗೆ ಅಂಟಿಸ್ತೀನಿ ತಡಿ. ಯಾರಾದ್ರೂ ಸತ್ತಾಗ ಜಡೆ ಚೆನ್ನಾಗಿ ಹೆಣೀತಾಳೆ ಅಂತ ಗಿರಾಕಿ ಬರ್ತಾರೆ."

ತಾಕ್ ಹೇಳಲಿಲ್ಲ. ಸಂಸ್ಕಾರ ಇನ್ನೂ ಮುಗಿದಿಲ್ಲ.

*

ಸೋಮವಾರ ಈರುಳ್ಳಿ ಶೆಡ್ಡಿಗೆ ಹೋಗಲಿಲ್ಲ. ಮಾಸ್ಕನ್ನು ಒರೆಸಿದೆ. ಕೊಳವೆ ಸುತ್ತಿ ಹೆಗಲಿಗೆ ಹಾಕಿಕೊಂಡೆ. ಸತ್ತವನು ಇನ್ನೊಬ್ಬರ ವಸ್ತು ಇಟ್ಟುಕೊಂಡು ಹೋಗಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಕಾರ್ಖಾನೆಯ ಹಿತ್ತಲ ಗೇಟು ತೆರೆದಿತ್ತು. ತೊಟ್ಟಿಯ ಮುಚ್ಚಳ ತೆಗೆದಿದ್ದರು. ವಾಸನೆ ಇತ್ತು. ಅಂದರೆ ನನ್ನ ಮೂಗು ಇನ್ನೂ ಸತ್ತಿರಲಿಲ್ಲ. ಟೇಕ್ ರಬ್ಬರಿನ ಬೂಟು ಹಾಕಿ ನಿಂತಿದ್ದ. ಜೊತೆಗೆ ಇನ್ನೊಬ್ಬ ನೆಪಾಳಿ, ಇಬ್ಬರು ಉಜ್ಬೆಕರು. ಏಣಿ ಇಳಿಬಿಟ್ಟಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

"ಕ್ವಾಬೆನಾ ನಿನ್ನಿಂದ ತಗೊಂಡಿದ್ದ," ಎಂದೆ. "ತಗೋ."

"ಇಟ್ಕೋ ಅಕ್ಕಾ. ಕೋರ್ಟು ಗೀರ್ಟು ಅಂದ್ರೆ ಬೇಕಾಗುತ್ತೆ."

"ಫೋಟೊ ತೆಗೆದಿಟ್ಟಿದೀನಿ. ಕೋರ್ಟಿಗೆ ಅದು ಸಾಕು. ನಿನ್ನ ಮೂಗಿಗೆ ಇದು ಬೇಕು."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಮುಖಕ್ಕೆ ಹಾಕಿ ಪಟ್ಟಿ ಬಿಗಿದ. ಕೊಳವೆ ನೆಲದ ಮೇಲೆ ಉದ್ದಕ್ಕೆ ಬಿತ್ತು. ಅದರ ತುದಿ ಎಲ್ಲಿಗೂ ಹೋಗುತ್ತಿರಲಿಲ್ಲ.

ಫೋರ್‌ಮನ್ ಕಾಫಿ ಲೋಟ ಹಿಡಿದು ಬಂದ.

"ಏನಮ್ಮಾ, ಇಲ್ಲೂ ಹಬ್ಬಾನಾ? ಹೊರಗೆ ನಡಿ." ಟೇಕ್ ಕಡೆ ತಿರುಗಿದ. "ಹಾಕ್ಕೊಂಡೆಯಲ್ಲ ನಿನ್ನ ಆನೆ ಸೊಂಡಿಲು. ಇಳಿ ಇನ್ನ."

ಟೇಕ್ ಇಳಿಯಲಿಲ್ಲ. ಮಾಸ್ಕಿನ ಒಳಗಿಂದ ಏನೋ ಹೇಳಿದ. ಗಾಜಿನ ಮೇಲೆ ಅವನ ಉಸಿರು ಮಂಜುಕಟ್ಟಿತು.

"ಏನಂದ ಅವನು?"

"ಇಳಿಯಲ್ಲ ಅಂದ," ಎಂದ ಒಬ್ಬ ಉಜ್ಬೆಕ್. ಅವನಿಗೂ ಕೇಳಿಸಿರಲಿಲ್ಲ. "ನಾನೂ ಇಳಿಯಲ್ಲ."

ಇನ್ನಿಬ್ಬರು ಸಲಿಕೆಗಳನ್ನು ಗೋಡೆಗೆ ಒರಗಿಸಿದರು.

ನಾನು ಬಗ್ಗಿ ಕೊಳವೆಯ ಇನ್ನೊಂದು ತುದಿಯನ್ನು ಎತ್ತಿದೆ. ಅದರ ಬಾಯಿಗೆ ಧೂಳು ಮೆತ್ತಿತ್ತು. ಅಂಗಿಯ ತುದಿಯಿಂದ ಒರೆಸಿದೆ. ಫೋರ್‌ಮನ್‌ನ ಕೈಯಿಂದ ಕಾಫಿ ಲೋಟ ತೆಗೆದು ನೆಲದ ಮೇಲಿಟ್ಟೆ. ಖಾಲಿಯಾದ ಆ ಕೈಗೆ ಕೊಳವೆಯ ತುದಿ ತುರುಕಿದೆ.

"ಮುಖದ ತುದಿ ಅವನದು, ಕೊಟ್ಟೆ," ಎಂದೆ. "ಈ ತುದಿ ನಿಮ್ಮದು. ತಗೊಳ್ಳಿ."